ಹದಿನೇಳು ಸಾವಿರದ ಇನ್ನೂರ ಆರು

ಆ ದಿನದ ಬಗ್ಗೆ ನನ್ನ ಹತ್ತಿರ ಎರಡು ದಾಖಲೆಗಳಿವೆ. ಒಂದು, ಕಂಪ್ಯೂಟರಿನ ಲಾಗ್. ನಾನು ಕೊಟ್ಟ ಪ್ರತಿ ಆಜ್ಞೆಯ ಪಕ್ಕದಲ್ಲಿ ಗಂಟೆ, ನಿಮಿಷ, ಸೆಕೆಂಡು. ಇನ್ನೊಂದು, ಫೋನಿನ ಕರೆಗಳ ಪಟ್ಟಿ. ಇವಲ್ಲದೆ ನನ್ನ ನೆನಪೂ ಇದೆ. ಅದನ್ನು ದಾಖಲೆ ಎನ್ನಲು ನನಗೆ ಧೈರ್ಯವಿಲ್ಲ. ಸಿದ್ದಾಪುರದ ನರ್ಸ್ ಫೋನು ಮಾಡಿದಾಗ ಸಂಜೆಯಾಗಿತ್ತು, ಕಿಟಕಿಯಿಂದ ಹಳದಿ ಬಿಸಿಲು ಕೀಬೋರ್ಡಿನ ಮೇಲೆ ಬಿದ್ದಿತ್ತು ಎಂದು ಅದು ಈಗಲೂ ಹೇಳುತ್ತದೆ. ಫೋನಿನ ಪ್ರಕಾರ ಆಗ ಮಧ್ಯಾಹ್ನ ಎರಡು ಗಂಟೆ ಹನ್ನೆರಡು ನಿಮಿಷ. ನಾನು ಕೂರುವ ಕೋಣೆಯ ಕಿಟಕಿ ಉತ್ತರಕ್ಕಿದೆ, ಅದರಾಚೆ ಔಷಧದ ಗೋದಾಮಿನ ಗೋಡೆ. ಅಲ್ಲಿಗೆ ಯಾವ ಹೊತ್ತಿನ ಬಿಸಿಲೂ ಬರುವುದಿಲ್ಲ.

ಹಾಗಾಗಿ ದಾಖಲೆಗಳು ಹೇಳಿದಂತೆ ಬರೆಯುತ್ತೇನೆ. ಅವು ಸುಮ್ಮನಾದಲ್ಲಿ ಸುಮ್ಮನಾಗಿವೆ ಎಂದೇ ಹೇಳುತ್ತೇನೆ.

ಒಂದು ಟ್ರಸ್ಟಿನವರು ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಮೂರು ಸಣ್ಣ ದವಾಖಾನೆ ನಡೆಸುತ್ತಾರೆ. ಮೂರೂ ಕಡೆಯ ರೋಗಿಗಳ ವಿವರ ಶಿರಸಿಯ ಒಂದೇ ಕಂಪ್ಯೂಟರಿನಲ್ಲಿ, ಒಂದೇ ಡೇಟಾಬೇಸಿನಲ್ಲಿದೆ. ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ. ರೋಗಿಗಳ ಕೋಷ್ಟಕದಲ್ಲಿ ‘ಎಚ್ಚರಿಕೆ’ ಎಂಬ ಒಂದು ಅಂಕಣವಿದೆ. ಯಾರಿಗೆ ಯಾವ ಔಷಧ ಆಗಿಬರುವುದಿಲ್ಲ, ಯಾರಿಗೆ ಕಿವಿ ಕೇಳುವುದಿಲ್ಲ, ಯಾರಿಗೆ ರಕ್ತ ಬೇಗ ನಿಲ್ಲುವುದಿಲ್ಲ, ಇಂಥವನ್ನೆಲ್ಲ ಅಲ್ಲಿ ಬರೆಯುತ್ತಾರೆ. ಹೇಳುವಂಥದ್ದೇನೂ ಇಲ್ಲದಿದ್ದರೆ ಖಾಲಿ ಬಿಡುತ್ತಾರೆ. ಮೂರೂ ಕಡೆಯ ರೂಢಿ ಇದು: ಖಾಲಿ ಎಂದರೆ ಭಯವಿಲ್ಲ.

ಆ ಅಂಕಣದ ಒಳಗೆ ಏನಿದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಡೇಟಾಬೇಸಿನಲ್ಲಿ ಒಂದು ಸಂಗತಿಯನ್ನು ಎರಡು ರೀತಿಯಲ್ಲಿ ಇಡಬಹುದು. ಅಂಕಣದಲ್ಲಿ ಆ ಮಾತನ್ನೇ ಅಕ್ಷರಶಃ ಬರೆದಿಡುವುದು ಒಂದು. ಮಾತನ್ನು ಬೇರೆ ಕಡೆ ಒಂದು ವಸ್ತುವಾಗಿ ಇಟ್ಟು, ಅಂಕಣದಲ್ಲಿ ಆ ವಸ್ತುವಿನ ಸಂಖ್ಯೆಯನ್ನು ಮಾತ್ರ ಬರೆಯುವುದು ಇನ್ನೊಂದು. ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಕೊಟ್ಟು ಬಿಲ್ಲೆ ತೆಗೆದುಕೊಂಡ ಹಾಗೆ. ಬಿಲ್ಲೆ ಕಿಸೆಯಲ್ಲಿರುತ್ತದೆ, ಚಪ್ಪಲಿ ಗೂಡಿನಲ್ಲಿರುತ್ತದೆ. ಯಲ್ಲಾಪುರದ ಹಳೆಯ ಕಂಪ್ಯೂಟರಿನ ಹಳೆಯ ಪ್ರೋಗ್ರಾಮ್ ಮಾತನ್ನೇ ಬರೆಯುತ್ತಿತ್ತು. ಶಿರಸಿ ಮತ್ತು ಸಿದ್ದಾಪುರಕ್ಕೆ ನಾನು ಹಾಕಿಕೊಟ್ಟ ಹೊಸ ಪ್ರೋಗ್ರಾಮ್, ನನಗೆ ಗೊತ್ತಿದ್ದೂ ಗಮನಕ್ಕೆ ಬಾರದಂತೆ, ಬಿಲ್ಲೆಯನ್ನು ಬರೆಯತೊಡಗಿತ್ತು. ಅಂಕಣ ಒಂದೇ, ಒಳಗೆ ಎರಡು ಕ್ರಮ. ಹೊಸ ಪ್ರೋಗ್ರಾಮು ಅಂಕಣದಲ್ಲಿ ಅಂಕಿಗಳನ್ನು ಕಂಡರೆ ಆ ಸಂಖ್ಯೆಯ ವಸ್ತುವನ್ನು ತಂದು ತೋರಿಸುತ್ತಿತ್ತು, ಅಕ್ಷರಗಳನ್ನು ಕಂಡರೆ ಅಕ್ಷರಗಳನ್ನೇ ತೋರಿಸುತ್ತಿತ್ತು. ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ವಸ್ತು ಸಿಗದಿದ್ದರೆ? ಆ ಸಾಲನ್ನೂ ನಾನೇ ಬರೆದದ್ದು. ವಸ್ತು ಸಿಗದಿದ್ದರೆ ಖಾಲಿ ತೋರಿಸು.

ಆ ದಿನ ಡಿಸ್ಕು ತುಂಬಿಹೋಗಿತ್ತು. ಅಳಿಸಿಹಾಕಿದ ಎಕ್ಸ್‌ರೇಗಳ ಚಿತ್ರಗಳು ಯಾರಿಗೂ ಬೇಡವಾಗಿ ಒಳಗೇ ಉಳಿದಿದ್ದವು. ಯಾವ ಕೋಷ್ಟಕದಲ್ಲೂ ಬಿಲ್ಲೆಯಿಲ್ಲದ ವಸ್ತುಗಳನ್ನು ಹುಡುಕಿ ಅಳಿಸುವ ಒಂದು ಸಲಕರಣೆ ಡೇಟಾಬೇಸಿನ ಜೊತೆಗೇ ಬರುತ್ತದೆ. ದವಾಖಾನೆಗಳು ಊಟಕ್ಕೆ ಮುಚ್ಚಿದ ಹೊತ್ತು ನೋಡಿ, ಒಂದು ಗಂಟೆ ಇಪ್ಪತ್ತೊಂದು ನಿಮಿಷಕ್ಕೆ ಅದನ್ನು ಓಡಿಸಿದೆ. ಆದರೆ ‘ವಸ್ತುಸಂಖ್ಯೆ’ ಎಂಬ ಜಾತಿಯ ಅಂಕಣಗಳನ್ನು ಮಾತ್ರ ಆ ಸಲಕರಣೆ ನೋಡುತ್ತದೆ. ಎಕ್ಸ್‌ರೇ ಅಂಕಣ ಆ ಜಾತಿಯದು. ‘ಎಚ್ಚರಿಕೆ’ ಅಂಕಣ ಬರೀ ಪಠ್ಯ. ಅಲ್ಲಿದ್ದ ಬಿಲ್ಲೆಗಳು ಅದರ ಕಣ್ಣಿಗೆ ಬಿಲ್ಲೆಗಳೇ ಅಲ್ಲ.

ಅಳಿಸಿದ ಮೇಲೆ ಜಾಗ ತಕ್ಷಣ ಬಿಡುವಾಗುವುದಿಲ್ಲ. ಡೇಟಾಬೇಸು ಮೊದಲು ‘ಇದು ಸತ್ತಿದೆ’ ಎಂದು ಗುರುತು ಮಾತ್ರ ಹಾಕುತ್ತದೆ, ಆಮೇಲೆ ಅದರದೇ ಒಂದು ಕಸ ಗುಡಿಸುವ ಕೆಲಸ ಎದ್ದು ಬಂದು ಬಳಿದುಕೊಂಡು ಹೋಗುತ್ತದೆ. ನಮ್ಮದು ಹಳೆಯ ಯಂತ್ರ. ಅದಕ್ಕೆ ಭಾರವಾಗದಿರಲಿ ಎಂದು ಗುಡಿಸುವಿಕೆ ಎರಡು ಗಂಟೆಗೊಮ್ಮೆ ಮಾತ್ರ ಏಳುವಂತೆ ಇಟ್ಟಿದ್ದೆ. ಕಾಯುವ ತಾಳ್ಮೆಯಿಲ್ಲದೆ ಕೈಯಾರೆ ಗುಡಿಸಲು ಆಜ್ಞೆ ಬರೆದಿದ್ದೆ, ಎಂಟರ್ ಒತ್ತುವಷ್ಟರಲ್ಲಿ ಫೋನು ಬಂತು. ಒತ್ತದ ಆಜ್ಞೆಗೆ ಲಾಗ್ ಇರುವುದಿಲ್ಲ. ಇದಕ್ಕೆ ನನ್ನ ನೆನಪೊಂದೇ ಸಾಕ್ಷಿ. ಆ ನೆನಪು ಉತ್ತರದ ಕಿಟಕಿಯಲ್ಲಿ ಬಿಸಿಲು ಕಂಡದ್ದು.

ಸಿದ್ದಾಪುರದ ನರ್ಸ್ ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಅಕ್ಕ ಎನ್ನುತ್ತೇನೆ.

“ತಂಗಿ, ಎಂತ ಮಾಡಿದ್ದೆ ಮಾರಾಯ್ತಿ? ಇಲ್ಲಿ ಒಬ್ಬಂಗೂ ಎಂತದೂ ಕಾಯಿಲೆ ಇಲ್ಲೆ ಈಗ!” ಅವರು ನಗುತ್ತಿದ್ದರು. “ಎಲ್ಲರ ಎಚ್ಚರಿಕೆನೂ ಖಾಲಿ ಬತ್ತಾ ಇದ್ದು.”

“ಎಲ್ಲರದ್ದೂನಾ ಅಕ್ಕ?”

“ಆನು ಕೈಯಾರೆ ಬರದಿಟ್ಟಿದ್ದೂ ಕಾಣ್ತಿಲ್ಲೆ. ಸಲ್ಫಾ ಆಗ್ತಿಲ್ಲೆ ಹೇಳಿ ಕಳೆದ ವಾರ ಬರದಿದ್ದೆ, ಆ ಹೆಂಗಸು ಮೂರು ಗಂಟೆಗಿಂತ ಮೊದ್ಲೇ ಬಂದು ಈಗ ಎದುರಿಗೇ ಕೂತಿದ್ದು. ಅಲ್ಲಿ ಎಂತದೂ ಇಲ್ಲೆ.”

ಆ ಹೆಂಗಸಿನ ಸಾಲನ್ನು ನೇರ ಡೇಟಾಬೇಸಿನಲ್ಲೇ ಕೇಳಿದೆ. ಐದು ಅಂಕಿಯ ಒಂದು ಸಂಖ್ಯೆ ಬಂತು. ಆ ಸಂಖ್ಯೆಯ ವಸ್ತು ಕೊಡು ಎಂದೆ. ಅಂಥ ವಸ್ತು ಇಲ್ಲ ಎಂದಿತು. ಇನ್ನೊಬ್ಬರದು ಕೇಳಿದೆ. ಇಲ್ಲ. ಮತ್ತೊಬ್ಬರದು. ಇಲ್ಲ. ಲಾಗ್‌ನಲ್ಲಿ ಆ ಮೂರೇ ಪ್ರಶ್ನೆಗಳಿವೆ. ನೂರು ಸಲ ಕೇಳಿದಂತೆ ನನಗೆ ನೆನಪು.

ಆಮೇಲೆ ಮಾಡುತ್ತೇನೆ ಎಂದು ಅಕ್ಕನಿಗೆ ಹೇಳಿ ಫೋನಿಟ್ಟೆ.

ನಕಲು ಇದೆಯಲ್ಲ ಎಂದುಕೊಂಡೆ. ದಿನಾ ಬೆಳಿಗ್ಗೆ ಡೇಟಾಬೇಸಿನ ನಕಲು ತೆಗೆಯುವಂತೆ ಇಟ್ಟವಳು ನಾನೇ. ನನ್ನ ಲ್ಯಾಪ್‌ಟಾಪಿನಲ್ಲಿ ಅದನ್ನು ಬಿಚ್ಚಿದೆ. ಕೋಷ್ಟಕ ಬಂತು, ಸಾಲುಗಳು ಬಂದವು, ಎಚ್ಚರಿಕೆ ಅಂಕಣ ಬಂತು. ಸಂಖ್ಯೆಗಳೂ ಬಂದವು. ವಸ್ತು ಕೇಳಿದರೆ ಇಲ್ಲ. ನಕಲಿನ ಗಾತ್ರ ಸಣ್ಣದಿರಲಿ ಎಂದು ಯಾವ ಯಾವ ಕೋಷ್ಟಕ ಬೇಕೆಂದು ಹೆಸರಿಟ್ಟು ಹೇಳಿದ್ದೆ. ಹಾಗೆ ಹೆಸರಿಟ್ಟು ಕೇಳಿದರೆ ಕೋಷ್ಟಕಗಳು ಮಾತ್ರ ಬರುತ್ತವೆ, ವಸ್ತುಗಳು ಬರುವುದಿಲ್ಲ. ಇಷ್ಟು ದಿನ ನಾನು ಜೋಪಾನವಾಗಿ ತೆಗೆದಿಟ್ಟದ್ದು ಬಿಲ್ಲೆಗಳನ್ನು.

ಟ್ರಸ್ಟಿನ ಕಾರ್ಯದರ್ಶಿಯವರು ಊಟ ಮುಗಿಸಿ ಬಂದು ಬಾಗಿಲಲ್ಲಿ ನಿಂತಿದ್ದರು. ನಿವೃತ್ತ ಹೈಸ್ಕೂಲು ಮೇಷ್ಟ್ರು. ನನ್ನ ಮುಖ ನೋಡಿ ಅವರೇ ಕೇಳಿದರು.

“ಎಂತಾತು?”

ಹೇಳಿದೆ. ಉಳಿದಿರುವ ದಾರಿ ಒಂದೇ. ಸತ್ತಿವೆ ಎಂದು ಗುರುತಾದ ಟಿಪ್ಪಣಿಗಳು ಇನ್ನೂ ಕಡತದೊಳಗೆ ಬಿದ್ದಿರಬಹುದು. ಗುಡಿಸುವಿಕೆ ಏಳುವ ಮೊದಲು ಡೇಟಾಬೇಸನ್ನೇ ನಿಲ್ಲಿಸಿದರೆ ಅವನ್ನು ಹೆಕ್ಕಿ ತೆಗೆಯಬಹುದು. ಅದು ಮುಂದೆ ಯಾವಾಗ ಏಳುತ್ತದೋ ಗೊತ್ತಿಲ್ಲ, ಎರಡು ಗಂಟೆಯ ಲೆಕ್ಕ ಯಾವಾಗಿನಿಂದ ಶುರುವಾಗಿದೆಯೋ ನಾನು ಬರೆದಿಟ್ಟಿಲ್ಲ. ಈ ಕ್ಷಣವೂ ಎದ್ದಿರಬಹುದು.

“ನಿಲ್ಸಿದ್ರೆ ಮೂರೂ ಕಡೆ ಸ್ಕ್ರೀನು ಬಂದ್ ಆಗ್ತಲೇ ತಂಗಿ. ಮೂರು ಗಂಟೆಗೆ ಜನ ಬತ್ತ. ಹೆಸರೂ ಸಿಕ್ತಿಲ್ಲೆ, ಹಳೇ ಔಷಧನೂ ಸಿಕ್ತಿಲ್ಲೆ. ಎಂತ ಹೇಳವು ಅವಕ್ಕೆ?”

“ತಪ್ಪಾಜು ಹೇಳಿ ಹೇಳವು.”

“ನಡೀತಾ ಇರ್ಲಿ, ನೀ ಹಿಂದಿಂದ ಸರಿ ಮಾಡಲೆ ಆಗ್ತಿಲ್ಯ? ಯಾರಿಗೂ ಗೊತ್ತಾಗ್ತಿಲ್ಲೆ.”

ಅವರು ಕೆಟ್ಟವರಲ್ಲ. ನನ್ನನ್ನು ಉಳಿಸಲೆಂದೇ ಹಾಗೆ ಹೇಳಿದ್ದು. ಆ ದಾರಿ ನನಗೂ ಬೇಕಿತ್ತು. ಆದರೆ ನಡೆಯುತ್ತಿದ್ದರೆ ಅಷ್ಟು ಹೊತ್ತೂ ಶಿರಸಿ, ಸಿದ್ದಾಪುರದ ಸ್ಕ್ರೀನುಗಳು ಖಾಲಿ ತೋರಿಸುತ್ತಲೇ ಇರುತ್ತವೆ, ಖಾಲಿ ಕಂಡವರು ಸೂಜಿಗೆ ಔಷಧ ಏರಿಸುತ್ತಲೇ ಇರುತ್ತಾರೆ. ಎರಡು ಗಂಟೆ ಮೂವತ್ತೆಂಟು ನಿಮಿಷಕ್ಕೆ ನಿಲ್ಲಿಸಿದೆ. ಕಾರ್ಯದರ್ಶಿಯವರು ಕುರ್ಚಿ ಎಳೆದುಕೊಂಡು ಬಾಗಿಲ ಹತ್ತಿರ ಕೂತರು, ನಾನು ಓಡಿಹೋಗುತ್ತೇನೆ ಎಂಬಂತೆ.

ಮೂರೂ ಕಡೆಗೆ ಫೋನು ಮಾಡಿದೆ. ಇವತ್ತು ಯಾರ ಬಗ್ಗೆಯೂ ನಮಗೆ ಗೊತ್ತಿಲ್ಲ ಎಂದು ತಿಳಿಯಿರಿ, ರೋಗಿಯನ್ನೇ ಕೇಳಿ, ಅನುಮಾನವಿದ್ದರೆ ನನಗೆ ಹೆಸರು ಹೇಳಿ, ನಾನು ಹುಡುಕಿ ಕೊಡುತ್ತೇನೆ. ಸಿದ್ದಾಪುರದ ಅಕ್ಕ ಔಷಧದ ರಟ್ಟಿನ ಪೆಟ್ಟಿಗೆ ಹರಿದು ಅದರ ಮೇಲೆ ‘ಗೊತ್ತಿಲ್ಲ. ಕೇಳಿ.’ ಎಂದು ಬರೆದು ಕಂಪ್ಯೂಟರಿಗೆ ಆನಿಸಿದರಂತೆ.

“ಜನರತ್ರ ಮಾತಾಡದೇ ಎಷ್ಟು ದಿನ ಆಗಿತ್ತನ,” ಎಂದರು. “ನೀನೇ ಹೇಳಿದ್ದೆ, ಚೀಟಿಯ ಪ್ಲಾಸ್ಟಿಕ್ ಕೊಟ್ಟೆ ತರಡಿ, ಎಲ್ಲ ಕಂಪ್ಯೂಟರಲ್ಲಿದ್ದು ಹೇಳಿ. ಈಗ ಯಾರ ಹತ್ರನೂ ಕೊಟ್ಟೆ ಇಲ್ಲೆ.”

ಅದು ನಿಜ. ನಮ್ಮ ಕಡೆ ಜನ ಹಳೆಯ ಚೀಟಿ, ಹಳೆಯ ರಿಪೋರ್ಟು ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕೊಟ್ಟೆಯಲ್ಲಿ, ಅಂದರೆ ಚೀಲದಲ್ಲಿ, ಸುತ್ತಿಕೊಂಡೇ ಡಾಕ್ಟರ ಹತ್ತಿರ ಬರುತ್ತಿದ್ದರು. ಅದನ್ನು ತರಬೇಡಿ ಎನ್ನುವ ಬೋರ್ಡು ಮೂರೂ ದವಾಖಾನೆಗಳ ಗೋಡೆಯ ಮೇಲಿದೆ. ಅಕ್ಷರ ನನ್ನದು.

ಆಮೇಲಿನ ಒಂದು ಗಂಟೆ ಕೆಲಸದ್ದು. ಕೆಲಸವಿದ್ದಷ್ಟು ಹೊತ್ತು ಹೆದರಿಕೆ ಪಕ್ಕದಲ್ಲಿ ಕೂತಿರುತ್ತದೆ, ಮೈಮೇಲೆ ಬರುವುದಿಲ್ಲ. ನಿಂತ ಡೇಟಾಬೇಸಿನ ಕಡತಗಳನ್ನು ಹಾಗೆಯೇ ಲ್ಯಾಪ್‌ಟಾಪಿಗೆ ನಕಲು ಮಾಡಿದೆ. ವಸ್ತುಗಳಿರುವ ಕಡತವನ್ನು ಡೇಟಾಬೇಸಿನ ಮೂಲಕವಲ್ಲದೆ ನೇರವಾಗಿ, ಬೈಟು ಬೈಟಾಗಿ ಓದುವ ಸಣ್ಣ ಪ್ರೋಗ್ರಾಮ್ ಬರೆದೆ. ಕನ್ನಡದ ಒಂದೊಂದು ಅಕ್ಷರಭಾಗಕ್ಕೆ ಅಲ್ಲಿ ಮೂರು ಬೈಟು, ಮೊದಲಿನದು ಯಾವಾಗಲೂ E0. ಎಕ್ಸ್‌ರೇ ಚಿತ್ರಗಳ ಅರ್ಥವಿಲ್ಲದ ರಾಶಿಯ ನಡುವೆ E0 B2, E0 B3 ಎಂದು ಸಾಲಾಗಿ ಬಂದರೆ ಅಲ್ಲಿ ಯಾರೋ ಮಾತಾಡಿದ್ದಾರೆ ಎಂದು ಅರ್ಥ. ಅದರ ಸ್ವಲ್ಪ ಹಿಂದೆ ನಾಲ್ಕು ಬೈಟುಗಳಲ್ಲಿ, ಹಿಂದುಮುಂದಾಗಿ, ವಸ್ತುವಿನ ಸಂಖ್ಯೆ.

ಮೊದಲು ಸಿಕ್ಕ ಮಾತು: ‘ಸಲ್ಫಾ ಔಷಧ ಆಗುವುದಿಲ್ಲ, ಮೈ ತುಂಬ ಗಂದೆ.’

ಅಂದರೆ ಗುಡಿಸುವಿಕೆ ಎದ್ದಿರಲಿಲ್ಲ. ಕಾರ್ಯದರ್ಶಿಯವರಿಗೆ ಓದಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಒಂದೊಂದಾಗಿ ಬಂದವು. ಉದ್ದದ ಟಿಪ್ಪಣಿಗಳನ್ನು ಡೇಟಾಬೇಸು ಕುಗ್ಗಿಸಿ ಸುತ್ತಿಟ್ಟಿದ್ದರಿಂದ ಆಗ ಓದಲಾಗಲಿಲ್ಲ, ಅವನ್ನು ಬೇರೆ ತೆಗೆದಿಟ್ಟೆ. ಚಿಕ್ಕವು ಸರಿಯಾಗಿ ಬಂದವು. ಸಂಖ್ಯೆ ಒಂದು ಕಡೆ, ಮಾತು ಒಂದು ಕಡೆ ಇರುವ ಪಟ್ಟಿಯೊಂದನ್ನು ಮಾಡಿ, ಲ್ಯಾಪ್‌ಟಾಪಿನಲ್ಲಿ ಬಿಚ್ಚಿದ್ದ ಬೆಳಗಿನ ನಕಲಿನ ರೋಗಿಗಳ ಕೋಷ್ಟಕಕ್ಕೆ ಜೋಡಿಸಿದೆ. ಯಾರ ಅಂಕಣದಲ್ಲಿ ಅಂಕಿಗಳಷ್ಟೇ ಇವೆಯೋ ಅವರಿಗೆ ಆ ಸಂಖ್ಯೆಯ ಮಾತು.

ಮೂರು ಗಂಟೆ ಐವತ್ತೆರಡು ನಿಮಿಷಕ್ಕೆ ಯಲ್ಲಾಪುರದ ಡಾಕ್ಟರು ಫೋನು ಮಾಡಿದರು. ಹುಬ್ಬಳ್ಳಿ ಕಡೆಯ ಹುಡುಗಿ, ಬಂದು ಮೂರು ವಾರವಾಗಿತ್ತು.

“ಮೇಡಂ, ಒಬ್ರು ಬಂದಾರ್ರಿ. ಸಾ ಮಿಲ್ಲಿನಾಗ ಗರಗಸ ಬಡದು ಕಾಲು ಸೀಳೇತಿ. ಗಾಯದ ತುಂಬ ಹೊಟ್ಟು. ಪೆನಿಸಿಲಿನ್ ಕೊಡಬೇಕು. ಇವರದು ಏನರ ಎಚ್ಚರಿಕೆ ಐತೇನು ನೋಡ್ತೀರಾ?”

“ಅವರನ್ನು ಕೇಳಿದ್ರಾ?”

“ಕೇಳೀನಿ. ಸೂಜಿ ಆಗಿಬರೂದಿಲ್ಲ ಅಂತಾರ. ಯಾವ ಸೂಜಿ ಅಂದ್ರ ಗೊತ್ತಿಲ್ಲ. ಎಲ್ಲಾರೂ ಹಂಗ ಅಂತಾರಲ್ರಿ, ಸೂಜಿ ಅಂದ್ರ ಹೆದರಿಕಿ. ಮನ್ಯಾವರು ಯಾರೂ ಇಲ್ಲ, ಮಿಲ್ಲಿನವರು ಬಿಟ್ಟು ಹೋದ್ರು.”

ಹೆಸರು, ಊರು ಹೇಳಿದರು. ಹುಡುಕಿದೆ. ಎಚ್ಚರಿಕೆ ಅಂಕಣದಲ್ಲಿ 17206. ನನ್ನ ಪಟ್ಟಿಯಲ್ಲಿ 17206 ಇತ್ತು. ಸಿಕ್ಕಿತಲ್ಲ ಎಂಬ ಸಮಾಧಾನದಲ್ಲಿ ಓದಿದೆ.

“ಯಾವ ಔಷಧಕ್ಕೂ ಅಲರ್ಜಿ ಇಲ್ಲ ಅಂತಿದೆ ಡಾಕ್ಟ್ರೇ.”

“ಥ್ಯಾಂಕ್ಯೂ ಮೇಡಂ. ಗಾಯ ತೊಳದು ಕೊಡ್ತೀನಿ.”

ಹೊಸದಾಗಿ ಕಲಿತ ಅಭ್ಯಾಸ ಎಂದಲ್ಲ, ಮೊದಲಿನಿಂದಲೂ ನಾನು ಕೊನೆಗೊಂದು ಲೆಕ್ಕ ಹಾಕುತ್ತೇನೆ. ಬಿಲ್ಲೆ ಎಷ್ಟು, ಬಿಲ್ಲೆಯವರು ಎಷ್ಟು. ಒಂದು ಬಿಲ್ಲೆಗೆ ಒಬ್ಬರೇ ಇರಬೇಕು. ನಾಲ್ಕು ಗಂಟೆ ಏಳು ನಿಮಿಷಕ್ಕೆ ಆ ಪ್ರಶ್ನೆ ಕೇಳಿದ್ದು ಲಾಗ್‌ನಲ್ಲಿದೆ. ಒಂದೇ ಸಂಖ್ಯೆ ಎರಡು ಸಾಲಿನಲ್ಲಿರುವವರನ್ನು ತೋರಿಸು. ಒಂದೇ ಒಂದು ಉತ್ತರ ಬಂತು.

17206. ಯಲ್ಲಾಪುರ, ಗಂಡಸು, ಮೂವತ್ತೆಂಟು ವರ್ಷ. 17206. ಸಿದ್ದಾಪುರ, ಹೆಂಗಸು, ಎಂಬತ್ತೊಂದು ವರ್ಷ.

ಆ ಟಿಪ್ಪಣಿಯನ್ನು ಪೂರ್ತಿ ಓದಿದೆ. ‘ಯಾವ ಔಷಧಕ್ಕೂ ಅಲರ್ಜಿ ಇಲ್ಲ. ಕಿವಿ ಮಂದ, ಏನಿದ್ದರೂ ಮೊಮ್ಮಗಳ ಹತ್ತಿರ ಹೇಳಿ.’ ಎರಡನೆಯ ವಾಕ್ಯ ಹದಿನೈದು ನಿಮಿಷದ ಹಿಂದೆಯೂ ಅಲ್ಲೇ ಇತ್ತು. ನಾನು ಮೊದಲನೆಯದನ್ನು ಓದಿ ನಿಲ್ಲಿಸಿದ್ದೆ.

ಆಗ ಇನ್ನೊಂದು ಹೊಳೆಯಿತು. ಯಲ್ಲಾಪುರದ ಪ್ರೋಗ್ರಾಮು ಹಳೆಯದು. ಅದು ಬಿಲ್ಲೆ ಬರೆಯುವುದೇ ಇಲ್ಲ. ಅಲ್ಲಿ 17206 ಎಂದಿದ್ದರೆ ಯಾರೋ ಕೈಯಿಂದ 17206 ಎಂದೇ ಟೈಪು ಮಾಡಿದ್ದಾರೆ. ಅದು ಯಾವ ವಸ್ತುವಿನ ಸಂಖ್ಯೆಯೂ ಅಲ್ಲ, ಒಬ್ಬ ಮನುಷ್ಯ ಬರೆದ ಮಾತು. ಏನು ಮಾತು? ಗೊತ್ತಿಲ್ಲ. ಎಚ್ಚರಿಕೆ ಇಲ್ಲದಿದ್ದರೆ ಅವರು ಖಾಲಿ ಬಿಡುತ್ತಿದ್ದರು. ಖಾಲಿ ಬಿಟ್ಟಿಲ್ಲ.

ತಕ್ಷಣ ಫೋನು ಮಾಡಿದೆ.

ಇದು ನನ್ನ ನೆನಪು. ಫೋನಿನ ಪಟ್ಟಿಯಲ್ಲಿ ಆ ಕರೆ ನಾಲ್ಕು ಗಂಟೆ ಹದಿನೆಂಟು ನಿಮಿಷಕ್ಕಿದೆ.

ಎಷ್ಟೋ ಸಲ ನೋಡಿದ್ದೇನೆ. ಲ್ಯಾಪ್‌ಟಾಪಿನ ಗಡಿಯಾರಕ್ಕೂ ಫೋನಿನ ಗಡಿಯಾರಕ್ಕೂ ವ್ಯತ್ಯಾಸವಿದೆಯೇ ಎಂದು ಪಕ್ಕಪಕ್ಕ ಇಟ್ಟು ನೋಡಿದೆ. ಇಲ್ಲ. ಏಳರಿಂದ ಹದಿನೆಂಟು, ಹನ್ನೊಂದು ನಿಮಿಷ. ಆ ನಡುವೆ ಲಾಗ್‌ನಲ್ಲಿ ಏನೂ ಇಲ್ಲ. ಬೇರೆ ಕರೆಯೂ ಇಲ್ಲ. ಬಾಗಿಲಲ್ಲಿ ಕೂತಿದ್ದ ಕಾರ್ಯದರ್ಶಿಯವರನ್ನು ಆಮೇಲೊಮ್ಮೆ ಕೇಳಿದೆ. “ನೀ ಸುಮ್ನೆ ಕೂತಿದ್ದೆ,” ಎಂದರು. “ನೀ ಪ್ರಾರ್ಥನೆ ಮಾಡ್ತಾ ಇದ್ದೆ ಹೇಳಿ ಅಂದ್ಕಂಡಿದ್ದೆ ಆನು.” ನಾನು ಪ್ರಾರ್ಥನೆ ಮಾಡುವವಳಲ್ಲ.

ಡಾಕ್ಟರ ಮೊಬೈಲು ರಿಂಗಾಗಿ ನಿಂತಿತು. ಮತ್ತೆ ಮಾಡಿದೆ, ಮತ್ತೆ ನಿಂತಿತು. ದವಾಖಾನೆಯ ಟೆಲಿಫೋನಿಗೆ ಮಾಡಿದೆ. ಆರೋ ಏಳೋ ರಿಂಗಿನ ಮೇಲೆ ಯಾರೋ ಎತ್ತಿದರು.

“ಹಲೋ, ದವಾಖಾನಿ.”

ಅದು ದಫ್ತರದ ಕಾಕಾನ ದನಿ. ಯಲ್ಲಾಪುರದಲ್ಲಿ ರೋಗಿಗಳ ಕಾಗದಪತ್ರ ನೋಡಿಕೊಳ್ಳುವವರು, ಕಂಪ್ಯೂಟರು ಬರುವುದಕ್ಕೂ ಎಷ್ಟೋ ವರ್ಷ ಮೊದಲಿನಿಂದ ಅಲ್ಲಿದ್ದವರು. ಎಲ್ಲರೂ ಅವರಿಗೆ ಕಾಕಾ ಎಂದೇ ಅನ್ನುವುದು.

“ಕಾಕಾ, ಸಾ ಮಿಲ್ಲಿನವರಿಗೆ ಸೂಜಿ ಕೊಟ್ರಾ? ಕೊಡಬೇಡಿ ಅನ್ನಿ! ನಾನು ಹೇಳಿದ್ದು ತಪ್ಪು. ಓಡಿ ಕಾಕಾ!”

“ತಡೀರಿ, ನೋಡ್ತೀನಿ.”

ರಿಸೀವರನ್ನು ಮೇಜಿನ ಮೇಲೆ ಇಟ್ಟ ಸದ್ದು. ಆಮೇಲೆ ಆ ಕೋಣೆಯ ಸದ್ದುಗಳು. ಫ್ಯಾನು. ಹೆದ್ದಾರಿಯಲ್ಲಿ ಲಾರಿಯೊಂದು ಗೇರು ಬದಲಿಸಿದ್ದು. ಯಾರದೋ ಮಗು ಅಳುತ್ತಿದ್ದದ್ದು ನಿಂತಿತು. ಸ್ಟೀಲಿನ ತಟ್ಟೆಯ ಮೇಲೆ ಏನೋ ಬಿದ್ದ ಸದ್ದು. ಹೆಂಗಸಿನ ದನಿ ಜೋರಾಗಿ ಏನೋ ಹೇಳಿತು, ಏನೆಂದು ತಿಳಿಯಲಿಲ್ಲ. ಯಾರೋ ಓಡಿದರು. ಅಥವಾ ನಡೆದರು. ಫೋನಿನೊಳಗೆ ಎಲ್ಲ ನಡಿಗೆಯೂ ಓಟದಂತೆ ಕೇಳುತ್ತದೆ. ಆ ಮನುಷ್ಯನ ಮುಖ ನನಗೆ ಗೊತ್ತಿರಲಿಲ್ಲ. ಆದರೂ ಒಂದು ಮುಖ ಕಾಣುತ್ತಿತ್ತು, ತುಟಿ ನೀಲಿಯಾಗುತ್ತಿದ್ದ ಮುಖ. ಈ ಕರೆ ಎಷ್ಟು ಹೊತ್ತಿನದೆಂದು ಪಟ್ಟಿಯಲ್ಲಿದೆ. ಆ ಒಂದನ್ನು ನಾನು ನೋಡಿಲ್ಲ.

ರಿಸೀವರು ಎತ್ತಿದರು.

“ಕೊಟ್ಟಿಲ್ರಿ.”

“ಕೊಟ್ಟಿಲ್ವಾ? ಖಂಡಿತಾ?”

“ನಾನ ಬ್ಯಾಡ ಅಂದಿದ್ದೆ. ಆದ್ರೂ ಮತ್ತೊಮ್ಮೆ ಒಳಗ ಹೋಗಿ ನೋಡಿ ಬಂದೆ. ಚಾ ಕುಡ್ಯಾಕ ಹೋಗಿದ್ದೆ, ಬಂದು ನೋಡ್ತೀನಿ, ಇಂವ ಕೂತಾನ. ಡಾಕ್ಟರ್ ಮೇಡಂ ಸೂಜಿ ತುಂಬ್ಯಾರ. ಇವನ ಫೈಲು ಕಪಾಟಿನಾಗ ಐತ್ರಿ, ನೋಡಿದ ಮ್ಯಾಲೆ ಕೊಡ್ರಿ ಅಂದೆ. ಶಿರಸಿಯವರು ಏನೂ ಇಲ್ಲ ಅಂದಾರ ಕಾಕಾ ಅಂದ್ರು. ಶಿರಸಿಯವರಿಗೆ ಹೆಂಗ ಗೊತ್ತಾಗ್ತದ, ಫೈಲು ನನ್ನ ಕಡೆ ಐತಿ ಅಂದೆ.”

“ಹದಿನೇಳು ಸಾವಿರದ ಇನ್ನೂರ ಆರು,” ಎಂದೆ.

“ಹಾಂ, ಅದ. ನಾ ಬರದ ನಂಬರ್ ನಂಗ ಗೊತ್ತಿರೂದಿಲ್ಲೇನ್ರಿ?”

ಮಾರನೆಯ ಬೆಳಿಗ್ಗೆ ಬಸ್ಸಿನಲ್ಲಿ ಯಲ್ಲಾಪುರಕ್ಕೆ ಹೋದೆ. ಕಾಕಾ ಕಪಾಟು ತೋರಿಸಿದರು. ಹಸಿರು ಬಣ್ಣದ ಕಬ್ಬಿಣದ ಕಪಾಟು. ಒಳಗೆ ದಾರ ಕಟ್ಟಿದ ಫೈಲುಗಳು, ಪ್ರತಿಯೊಂದರ ಬೆನ್ನಿಗೆ ಕೆಂಪು ಪೆನ್ಸಿಲಿನ ಸಂಖ್ಯೆ. ಕನ್ನಡ ಟೈಪು ಮಾಡಲು ಅವರಿಗೆ ಒಂದೇ ಬೆರಳು. ಎಚ್ಚರಿಕೆಯ ಮಾತು ಉದ್ದವಾದರೆ ಟೈಪು ಮಾಡದೆ, ಅಂಕಣದಲ್ಲಿ ಫೈಲಿನ ಸಂಖ್ಯೆ ಹಾಕಿಬಿಡುತ್ತಿದ್ದರು. ಸ್ಕ್ರೀನಿನಲ್ಲಿ ಸಂಖ್ಯೆ ಕಂಡರೆ ಎದ್ದು ಕಪಾಟಿಗೆ ಹೋಗಬೇಕು ಎನ್ನುವುದು ಯಲ್ಲಾಪುರದ ಕ್ರಮ. ಅಲ್ಲಿಯ ಹಳಬರಿಗೆಲ್ಲ ಗೊತ್ತಿತ್ತು. ಡಾಕ್ಟರು ಹೊಸಬರು. ಹೇಳಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ, ಹೇಳುವಂಥ ವಿಷಯ ಎಂದೇ ಅನ್ನಿಸಿರಲಿಲ್ಲ. ನನಗೂ ಯಾರೂ ಹೇಳಿರಲಿಲ್ಲ. ನಾನು ಕೇಳಿರಲೂ ಇಲ್ಲ.

ಫೈಲು ಬಿಚ್ಚಿದರು. ಹಿಂದಿನ ಡಾಕ್ಟರ ಕೈಬರಹ. ಪೆನಿಸಿಲಿನ್, ಪರೀಕ್ಷೆಗೆಂದು ಚರ್ಮದಡಿ ಕೊಟ್ಟ ಹನಿಗೇ ಉಸಿರು ಕಟ್ಟಿತು, ಹುಬ್ಬಳ್ಳಿಗೆ ಸಾಗಿಸಲಾಯಿತು, ಇನ್ನು ಎಂದಿಗೂ ಕೊಡಬಾರದು. ‘ಎಂದಿಗೂ’ ಎಂಬುದರ ಕೆಳಗೆ ಎರಡು ಗೆರೆ.

“ನೀವು ಚಾ ಕುಡಿದು ಎಷ್ಟು ಹೊತ್ತಿಗೆ ಬಂದ್ರಿ ಕಾಕಾ?” ಎಂದು ಕೇಳಿದೆ.

“ನಾಲ್ಕು ಗಂಟೆ ಆಗಿತ್ತು. ಮತ್ತೂ ಹತ್ತು ನಿಮಿಷ ಆಗಿರಬೇಕು.”

“ಸರಿಯಾಗಿ?”

“ಚಾ ಕುಡ್ಯಾವ ಗಡಿಯಾರ ನೋಡ್ತಾನೇನ್ರಿ?” ಎಂದು ನಕ್ಕರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. “ಇರ್ಲಿ ಬಿಡ್ರಿ, ಆಗಲಿಲ್ಲಲ್ಲ.”

ಆ ಮನುಷ್ಯ ಡ್ರೆಸ್ಸಿಂಗಿಗೆ ಬಂದು ಹೊರಗಿನ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದ. ನಾನು ಕಲ್ಪಿಸಿಕೊಂಡಿದ್ದ ಮುಖಕ್ಕೂ ಅವನ ಮುಖಕ್ಕೂ ಏನೂ ಹೋಲಿಕೆಯಿರಲಿಲ್ಲ. ಕೂದಲಲ್ಲಿ ಇನ್ನೂ ಮರದ ಹೊಟ್ಟಿತ್ತು. ಕಂಪ್ಯೂಟರಿನವರು ಎಂದು ಕಾಕಾ ಪರಿಚಯಿಸಿದರು. ನಿನಗೆ ಅಲರ್ಜಿ ಇಲ್ಲವೆಂದು ಹೇಳಿದವಳು ನಾನೇ ಎಂದೆ. ಅವನಿಗೆ ಅದು ಅರ್ಥವಾಯಿತೋ ಇಲ್ಲವೋ.

“ನಾ ಹೇಳ್ದೆ ಅಕ್ಕೋರೆ, ಸೂಜಿ ಆಗೂದಿಲ್ಲ ಅಂತ. ಯಾರ್ ಕೇಳ್ತಾರೆ? ಆ ಸೂಜಿ ಹೆಸ್ರು ಬಾಯಿಗೆ ಬರೂದಿಲ್ಲ. ಒಂದು ಚೀಟಿ ಬರ್ದು ಕೊಡಿ. ಇಟ್ಕೊಂಡಿರ್ತೇನೆ.”

ಬರೆದುಕೊಟ್ಟೆ. ಫೈಲಿನ ಸಂಖ್ಯೆ ಬರೆಯಲಿಲ್ಲ. ‘ಪೆನಿಸಿಲಿನ್ ಕೊಡಬಾರದು, ಕೊಟ್ಟರೆ ಉಸಿರು ಕಟ್ಟುತ್ತದೆ’ ಎಂದು ದಪ್ಪ ಅಕ್ಷರದಲ್ಲಿ, ಪೂರ್ತಿ ಬರೆದೆ. ಅವನು ಅದನ್ನು ಎರಡು ಮಡಿಕೆ ಮಾಡಿ, ಕಿಸೆಯಿಂದ ಗುಟಕಾದ ಕಲೆಯಿದ್ದ ಸಣ್ಣ ಪ್ಲಾಸ್ಟಿಕ್ ಕೊಟ್ಟೆ ತೆಗೆದು ಅದರೊಳಗೆ ಸೇರಿಸಿ, ಸುತ್ತಿ ಮತ್ತೆ ಕಿಸೆಗೆ ಹಾಕಿಕೊಂಡ. ಹೊರಡುವಾಗ ನಾನು ಗೋಡೆಯ ಮೇಲಿದ್ದ ನನ್ನ ಬೋರ್ಡನ್ನು ಕಿತ್ತು ತಂದೆ.

ಆಮೇಲಿನದು ಸಾಧಾರಣ ಕೆಲಸ. ಎಚ್ಚರಿಕೆ ಅಂಕಣದಲ್ಲಿ ಈಗ ಮಾತನ್ನು ಮಾತಾಗಿಯೇ ಇಡುತ್ತೇವೆ. ಕಾಕಾನ ಕಪಾಟಿನ ಸಂಖ್ಯೆಗೆ ಬೇರೆಯೇ ಅಂಕಣ. ಸುತ್ತಿಟ್ಟ ಉದ್ದದ ಟಿಪ್ಪಣಿಗಳಲ್ಲಿ ಕೆಲವು ಬಿಚ್ಚಲಾಯಿತು, ಕೆಲವು ಆಗಲಿಲ್ಲ. ಆಗದವರ ಮನೆಗಳಿಗೆ ಸಿದ್ದಾಪುರದ ಅಕ್ಕ ಬಸ್ಸಿನಲ್ಲಿ, ಆಟೋದಲ್ಲಿ, ಕೆಲವು ಕಡೆ ನಡೆದು ಹೋಗಿ ಕೇಳಿ ಬರೆದುಕೊಂಡು ಬಂದರು. ನಕಲಿನಲ್ಲಿ ಈಗ ವಸ್ತುಗಳೂ ಬರುತ್ತವೆ. ತಿಂಗಳಿಗೊಮ್ಮೆ ಅದನ್ನು ಬಿಚ್ಚಿ ಓದಿ ನೋಡುತ್ತೇನೆ, ಕೊನೆಯ ವಾಕ್ಯದವರೆಗೆ. ಅಂಕಣ ಖಾಲಿಯಿದ್ದರೆ ಸ್ಕ್ರೀನು ಈಗ ಖಾಲಿ ತೋರಿಸುವುದಿಲ್ಲ. ಅಕ್ಕನ ರಟ್ಟಿನ ಮೇಲಿದ್ದ ಎರಡು ಮಾತುಗಳನ್ನೇ ಕೆಂಪು ಅಕ್ಷರದಲ್ಲಿ ತೋರಿಸುತ್ತದೆ.

ಟ್ರಸ್ಟಿಗೆ ವರದಿ ಕೊಡಬೇಕಿತ್ತು. ಏನೇನು ಎಷ್ಟು ಹೊತ್ತಿಗೆ ಆಯಿತು ಎಂದು ಒಂದು ಕೋಷ್ಟಕ ಮಾಡಿದೆ. ಎಡಕ್ಕೆ ಸಮಯ, ಬಲಕ್ಕೆ ಸಂಗತಿ. 1:21, ಸಲಕರಣೆ ಓಡಿಸಿದ್ದು. 2:38, ನಿಲ್ಲಿಸಿದ್ದು. 3:52, ತಪ್ಪು ಉತ್ತರ ಕೊಟ್ಟದ್ದು. ಎಲ್ಲವನ್ನೂ ಬರೆದೆ. 4:07ರಿಂದ 4:18ರವರೆಗಿನ ಸಾಲು ಖಾಲಿ ಉಳಿಯಿತು. ಖಾಲಿ ಬಿಟ್ಟರೆ ಅಲ್ಲಿ ಏನೂ ಆಗಲಿಲ್ಲ ಎಂದು ಓದುತ್ತಾರೆ. ‘ಗಾಬರಿಯಿಂದ’ ಎಂದು ಬರೆದು ಅಳಿಸಿದೆ, ಅದೂ ಮೊದಲ ವಾಕ್ಯ ಮಾತ್ರ ಇರಬಹುದು. ಕೊನೆಗೆ ಅಲ್ಲಿ ‘ಗೊತ್ತಿಲ್ಲ. ಕೇಳಿ.’ ಎಂದು ಬರೆದು ಕೊಟ್ಟೆ.

ಇದುವರೆಗೆ ಯಾರೂ ಕೇಳಿಲ್ಲ.